ಕಲಿಸದೆ ಕಲಿತ ವಿದ್ಯೆ

ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಅದು ಡೊಂಕೇ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ತಿದ್ದಲಾಗದ ಮನುಷ್ಯನನ್ನು ಕುರಿತು ಆಡುವ ಮಾತು ಅದು. ಆದರೆ ಅದರ ಅಪಕೀರ್ತಿಯನ್ನೆಲ್ಲ ಹೊತ್ತದ್ದು, ಪಾಪ, ನಾಯಿ. ಬಾಲವೆಂಬುದು ಹುಟ್ಟಿನಿಂದ ಬಂದದ್ದು. ಅದು ಡೊಂಕಾಗಿದ್ದರೆ ನಾಯಿಯ ಅಪರಾಧವೇನೂ ಇಲ್ಲ. ಬಾಲವನ್ನು ಬಿಟ್ಟು ಉಳಿದ ನಾಯಿಯ ವಿಷಯ ಹಾಗಲ್ಲ. ಅದರಷ್ಟು ಶ್ರದ್ಧೆಯಿಂದ ಕಲಿಯುವ ಪ್ರಾಣಿಯನ್ನು ನಾನು ಕಂಡಿಲ್ಲ. ತೊಡಕೇನೆಂದರೆ, ನಾವು ಪಾಠ ಹೇಳುತ್ತಿದ್ದೇವೆಂದು ಭಾವಿಸಿರುವ ಹೊತ್ತಿನಲ್ಲಿ ಅದು ಕಲಿಯುವುದು ಸ್ವಲ್ಪ. ಪಾಠದ ಯೋಚನೆಯೇ ನಮಗಿಲ್ಲದ ಹೊತ್ತಿನಲ್ಲಿ ಕಲಿಯುವುದು ಬಹಳ. ಈ ಎರಡನೆಯ ವಿದ್ಯೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ಬಹುದಿನಗಳಿಂದ ನನ್ನ ಮನಸ್ಸಿನಲ್ಲಿದ್ದ ಸಂಗತಿ.

ಮೊದಲನೆಯ ವಿದ್ಯೆಗೆ, ಎಂದರೆ ಒಡೆಯನು ಬಯಸಿ ಕಲಿಸಿದ ವಿದ್ಯೆಗೆ, ನಮ್ಮ ನಾಡಿನಲ್ಲಿ ಸಂದ ಗೌರವ ಸಣ್ಣದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನ ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ, ಬೇಕಾದುದನ್ನು ಕೇಳಿಕೋ ಎಂದು ಒಡೆಯನು ಹೇಳಿದಾಗ ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿಯನ್ನು ಬಿಟ್ಟರು. ಸಾವಿರ ವರ್ಷ ಕಳೆದರೂ ಆ ನಾಯಿಯ ಹೆಸರು ಉಳಿದಿದೆ. ಆದರೆ ನಾಯಿ ತಾನಾಗಿ, ನಮ್ಮ ಅನುಮತಿಯಿಲ್ಲದೆ, ನಮ್ಮಿಂದಲೇ ಕಲಿಯುವ ವಿದ್ಯೆಗೆ ಯಾರೂ ಕಲ್ಲು ನೆಟ್ಟಿಲ್ಲ. ಅದಕ್ಕೆ ಸಿಗುವುದು ಬೈಗುಳ. ಕೆಲವು ಸಲ ಬೈಗುಳಕ್ಕಿಂತ ದೊಡ್ಡ ಶಿಕ್ಷೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರು. ಅವರ ನಾಯಿಯ ಹೆಸರು ಭೀಮ. ಹೆಸರಿಗೂ ಗಾತ್ರಕ್ಕೂ ಸಂಬಂಧವಿಲ್ಲ. ಮಕ್ಕಳಿಗೆಲ್ಲ ಕನ್ನಡವನ್ನೇ ಕಲಿಸಿದ ಈ ಮೇಷ್ಟರು, ನಾಯಿಯೊಡನೆ ಮಾತ್ರ ಇಂಗ್ಲಿಷ್‌ನಲ್ಲಿ ವ್ಯವಹರಿಸುತ್ತಾರೆ. ನಮ್ಮಲ್ಲಿ ಅನೇಕರು ಹಾಗೆಯೇ; ನಾಯಿಗೆ ಕನ್ನಡ ಬಾರದೆಂಬ ನಂಬಿಕೆ ನಮ್ಮಲ್ಲಿ ಹೇಗೆ ಬೇರೂರಿತೋ ತಿಳಿಯದು. ‘ಸಿಟ್’ ಎಂದರೆ ಕೂರಬೇಕು, ‘ಶೇಕ್‌ಹ್ಯಾಂಡ್’ ಎಂದರೆ ಮುಂಗಾಲು ಕೊಡಬೇಕು. ಮೂರು ತಿಂಗಳು ಬೆಳಿಗ್ಗೆ ಸಂಜೆ, ಬಿಸ್ಕತ್ತಿನ ಪೊಟ್ಟಣ ಕೈಯಲ್ಲಿ ಹಿಡಿದು, ಮೇಷ್ಟರು ಈ ಎರಡು ಪಾಠಗಳನ್ನು ಹೇಳಿದರು. ಭೀಮ ಎರಡನ್ನೂ ಕಲಿತ. ಆದರೆ ಇಂದಿಗೂ ಬಿಸ್ಕತ್ತು ಕಣ್ಣಿಗೆ ಬಿದ್ದರೆ ಮಾತ್ರ ಪಾಠ ಒಪ್ಪಿಸುತ್ತಾನೆ.

ಇದೇ ಭೀಮನಿಗೆ ಮತ್ತೊಂದು ವಿದ್ಯೆ ಬರುತ್ತದೆ. ಮೇಷ್ಟರು ಸಂಜೆ ಜಗಲಿಯ ಮೇಲೆ ಕುಳಿತು ಮಗಳೊಡನೆ ಮೊಬೈಲಿನಲ್ಲಿ ಮಾತನಾಡುತ್ತಾರೆ. ಭೀಮ ಅವರ ಕಾಲಬಳಿ ಮುದುಡಿ ನಿದ್ದೆಹೋಗಿರುತ್ತಾನೆ. ಮಾತು ಹತ್ತು ನಿಮಿಷವಾಗಲಿ, ಒಂದು ಗಂಟೆಯಾಗಲಿ, ಅವನಿಗೆ ಎಚ್ಚರವಿಲ್ಲ. ‘ಸರಿ ಹಾಗಾದ್ರೆ, ಇಡ್ಲಾ?’ ಎಂಬ ಮಾತು ಮೇಷ್ಟರ ಬಾಯಿಂದ ಬೀಳುತ್ತಲೇ ಭೀಮ ಎದ್ದು, ಮೈ ಕೊಡವಿ, ಗೇಟಿನ ಬಳಿ ಹೋಗಿ ನಿಲ್ಲುತ್ತಾನೆ. ಫೋನು ಇಟ್ಟ ಮೇಲೆ ಮೇಷ್ಟರು ಸಂಚಾರಕ್ಕೆ ಹೊರಡುತ್ತಾರೆಂಬುದು ಅವನ ಶೋಧನೆ.

‘ಇದನ್ನು ಯಾರು ಹೇಳಿಕೊಟ್ಟರು ಸಾರ್?’ ಎಂದು ನಾನು ಒಮ್ಮೆ ಕೇಳಿದೆ.

‘ಯಾರೂ ಇಲ್ಲ ಕಣಯ್ಯ. ನಾನು ಹೇಳಿಕೊಟ್ಟಿದ್ದು ಶೇಕ್‌ಹ್ಯಾಂಡು. ಅದಕ್ಕೆ ಲಂಚ ಕೊಡಬೇಕು. ಇದನ್ನ ತಾನೇ ಕಲಿತಿದ್ದಾನೆ, ಒಂದು ದಿನವೂ ತಪ್ಪಲ್ಲ. ನನ್ನ ಸರ್ವೀಸಿನಲ್ಲೂ ಹೀಗೇ ಆಯಿತು. ನಾನು ಕಲಿಸಿದ ವ್ಯಾಕರಣ ಯಾವ ಹುಡುಗನಿಗೂ ನೆನಪಿಲ್ಲ, ನಾನು ಮೂಗು ಉಜ್ಜೋದು ಮಾತ್ರ ಎಲ್ಲರಿಗೂ ಬರ್ತಿತ್ತು’ ಎಂದು ಅವರು ನಕ್ಕರು.

ನಗೆಯ ಮಾತಾದರೂ ಇದರಲ್ಲಿ ಶಾಸ್ತ್ರವಿದೆ. ಪ್ರಾಣಿಗಳ ಕಲಿಕೆಯನ್ನು ಕುರಿತ ಆಧುನಿಕ ಶಾಸ್ತ್ರದ ಒಂದು ಮುಖ್ಯ ಶಾಖೆ ಹುಟ್ಟಿದ್ದೇ ಇಂಥ ಕಲಿಸದ ಪಾಠವೊಂದರಿಂದ. ರಷ್ಯದ ಇವಾನ್ ಪಾವ್ಲೋವ್ ಮನಶ್ಶಾಸ್ತ್ರಜ್ಞನಲ್ಲ. ಜೀರ್ಣಕ್ರಿಯೆಯನ್ನು ಅಭ್ಯಸಿಸುತ್ತಿದ್ದ ಶರೀರಶಾಸ್ತ್ರಜ್ಞ. 1904ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದದ್ದು ಆ ಅಭ್ಯಾಸಕ್ಕಾಗಿಯೇ. ಆಹಾರ ಬಾಯಿಗೆ ಬಿದ್ದಾಗ ನಾಯಿಯ ಜೊಲ್ಲು ಎಷ್ಟು ಸುರಿಯುತ್ತದೆಂದು ಅಳೆಯುವುದು ಅವನ ಉದ್ದೇಶವಾಗಿತ್ತು. ಆದರೆ ಕೆಲವು ದಿನ ಕಳೆಯುವುದರೊಳಗೆ ನಾಯಿಗಳು ಆಹಾರ ಬರುವ ಮೊದಲೇ ಜೊಲ್ಲು ಸುರಿಸತೊಡಗಿದವು. ತಟ್ಟೆಯನ್ನು ಕಂಡರೆ ಜೊಲ್ಲು; ತಟ್ಟೆ ತರುವ ಆಳಿನ ಹೆಜ್ಜೆಯ ಸಪ್ಪಳ ಕೇಳಿದರೆ ಜೊಲ್ಲು. ಲೆಕ್ಕವೆಲ್ಲ ಕೆಟ್ಟಿತು. ಬೇರೊಬ್ಬನಾಗಿದ್ದರೆ ನಾಯಿಗಳನ್ನು ಬಯ್ದು ಬೇರೆ ನಾಯಿಗಳನ್ನು ತರಿಸುತ್ತಿದ್ದನೋ ಏನೋ. ಪಾವ್ಲೋವ್ ತನ್ನ ಮೊದಲಿನ ಅಭ್ಯಾಸವನ್ನೇ ಬದಿಗಿಟ್ಟು, ತನ್ನ ಪ್ರಯೋಗವನ್ನು ಕೆಡಿಸಿದ ಈ ಚಾಳಿಯ ಬೆನ್ನು ಹತ್ತಿದನು. ಪ್ರಯೋಗಾಲಯದ ಆಳು ಯಾವ ಪಾಠವನ್ನೂ ಹೇಳಿರಲಿಲ್ಲ. ಸುಮ್ಮನೆ ನಡೆದು ಬಂದಿದ್ದನು, ಅಷ್ಟೇ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ತರುಣ, ಅಗಳಿಯಿರುವ ಪೆಟ್ಟಿಗೆಗಳಲ್ಲಿ ಬೆಕ್ಕು ನಾಯಿಗಳನ್ನು ಕೂಡಿಹಾಕಿ, ಅವು ಹೊರಗೆ ಬರುವುದನ್ನು ಹೇಗೆ ಕಲಿಯುತ್ತವೆಂದು ನೋಡುತ್ತಿದ್ದನು. 1898ರಲ್ಲಿ ಪ್ರಕಟವಾದ ಅವನ ಪ್ರಬಂಧದ ಸಾರವನ್ನು ಒಂದು ಮಾತಿನಲ್ಲಿ ಹೇಳಬಹುದು. ಪ್ರಾಣಿ ಏನೇನೋ ಮಾಡುತ್ತದೆ. ಯಾವುದರ ಬೆನ್ನಿಗೆ ಸುಖ ಬಂದಿತೋ ಅದನ್ನು ಮತ್ತೆ ಮಾಡುತ್ತದೆ. ನಾವು ಏನು ಹೇಳಿದೆವು, ಏನನ್ನು ಬಯಸಿದೆವು ಎಂಬುದು ಈ ಲೆಕ್ಕದಲ್ಲಿ ಬರುವುದಿಲ್ಲ. ಮಾಡಿದ ಮೇಲೆ ಏನಾಯಿತು ಎಂಬುದೊಂದೇ ಲೆಕ್ಕ.

ಈ ಲೆಕ್ಕದ ಸ್ವಾರಸ್ಯವನ್ನು ನಾನು ಚೆನ್ನಾಗಿ ಕಂಡದ್ದು ತೀರ್ಥಹಳ್ಳಿಯ ಕಡೆ, ನನ್ನ ಅಕ್ಕನ ಮನೆಯಲ್ಲಿ. ಅಲ್ಲಿ ಟೈಗರ್ ಎಂಬ ನಾಯಿ. ಊಟದ ಹೊತ್ತಿಗೆ ಅದು ಒಳಬಾಗಿಲ ಹೊಸ್ತಿಲ ಮೇಲೆ ಗಲ್ಲವಿಟ್ಟು, ಬಡಿಸಿದಲ್ಲಿಂದ ಕೈ ತೊಳೆಯುವವರೆಗೆ, ಉಣ್ಣುವವರ ಮುಖವನ್ನೇ ನೋಡುತ್ತ ಕುಯ್‌ಗುಟ್ಟುತ್ತದೆ. ನಾಯಿಗೆ ಎಲೆಯಿಂದ ಏನನ್ನೂ ಹಾಕಕೂಡದೆಂದು ಭಾವನ ಕಟ್ಟಪ್ಪಣೆ. ಮನೆಯವರೆಲ್ಲ ಅದನ್ನು ಪಾಲಿಸುತ್ತಾರೆ. ಅಕ್ಕನ ಅತ್ತೆಯವರೊಬ್ಬರನ್ನು ಬಿಟ್ಟು. ಅವರೂ ದಿನವೂ ಹಾಕುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ, ಮಗ ಆಚೆ ನೋಡುತ್ತಿರುವಾಗ, ತಮ್ಮ ಹಲ್ಲಿಗೆ ಆಗದ ದೋಸೆಯ ಗರಿಮುರಿ ಅಂಚನ್ನು ಮುರಿದು ಹೊಸ್ತಿಲ ಕಡೆಗೆ ಜಾರಿಸುತ್ತಾರೆ. ‘ಪಾಪ, ಬಾಯಿಲ್ಲದ ಪ್ರಾಣಿ’ ಎಂಬುದು ಅವರ ಸಮಾಧಾನ.

‘ದಿನಾ ಬೈತೇನೆ ಮಾರಾಯ, ಇದಕ್ಕೆ ನಾಚಿಕೆಯೇ ಇಲ್ಲ’ ಎಂದು ಭಾವ ನನ್ನೊಡನೆ ದೂರಿದರು.

‘ನಾಚಿಕೆ ಇಲ್ದೆ ಇರೋದು ನಾಯಿಗಲ್ಲ’ ಎಂದು ಅಕ್ಕ ಒಳಗಿನಿಂದಲೇ ಹೇಳಿದಳು. ಅತ್ತೆಯವರು ಕೇಳಿಸದವರಂತೆ ಮಜ್ಜಿಗೆ ಬಡಿಸಿಕೊಂಡರು.

ದಿನವೂ ಸಿಗದಿದ್ದರೂ ನಾಯಿ ಏಕೆ ಕಾಯುತ್ತದೆ ಎಂದು ಭಾವನಿಗೆ ಆಶ್ಚರ್ಯ. ದಿನವೂ ಸಿಗದಿರುವುದರಿಂದಲೇ ಅದು ಕಾಯುತ್ತದೆ ಎಂಬುದು ಶಾಸ್ತ್ರ. ಬಿ. ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ಎಂಬ ಅಮೆರಿಕದ ವಿದ್ವಾಂಸರು ಪಾರಿವಾಳಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ, 1957ರಲ್ಲಿ ಅದನ್ನೆಲ್ಲ ದಪ್ಪ ಗ್ರಂಥವಾಗಿ ಹೊರತಂದರು. ಪ್ರತಿಸಲವೂ ಕಾಳು ಸಿಕ್ಕಿದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಆಸೆ ಬಿಡುತ್ತದೆ. ಎಷ್ಟು ಸಲಕ್ಕೊಮ್ಮೆ ಸಿಗುವುದೆಂದು ಹೇಳಲಾಗದ ಹಾಗೆ ಆಗೊಮ್ಮೆ ಈಗೊಮ್ಮೆ ಸಿಕ್ಕಿದ ಹಕ್ಕಿ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಟುಕುತ್ತಲೇ ಇರುತ್ತದೆ. ಲಾಟರಿ ಚೀಟಿ ಕೊಳ್ಳುವವರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾವನ ಕಟ್ಟುನಿಟ್ಟೂ ಅತ್ತೆಯವರ ಕರುಣೆಯೂ ಕೂಡಿಯೇ ಟೈಗರಿನ ಚಾಳಿಯನ್ನು ಗಟ್ಟಿಮಾಡಿದವು. ಭಾವ ಒಬ್ಬರೇ ಇದ್ದಿದ್ದರೆ ನಾಯಿ ತಿಂಗಳಲ್ಲಿ ಹೊಸ್ತಿಲು ಬಿಡುತ್ತಿತ್ತು.

ಬೊಗಳುವ ಚಾಳಿಯ ಬೇರು ಬೇರೆ ಕಡೆ ಇದೆ. ಅಂಚೆಯವರನ್ನು ಕಂಡರೆ ನಾಯಿಗೆ ಏಕೆ ಅಷ್ಟು ಕೋಪ ಎಂಬುದು ಹಳೆಯ ಪ್ರಶ್ನೆ. ಈಗ ಆ ಕೋಪದಲ್ಲಿ ಕೊರಿಯರ್ ಹುಡುಗರಿಗೂ ಪಾಲು ಸಿಕ್ಕಿದೆ. ನಾಯಿಯ ಕಡೆಯಿಂದ ನೋಡಿ. ಅಪರಿಚಿತನೊಬ್ಬ ಗೇಟಿನ ಬಳಿ ಬರುತ್ತಾನೆ. ನಾಯಿ ಬೊಗಳುತ್ತದೆ. ಅಪರಿಚಿತ ಹೊರಟುಹೋಗುತ್ತಾನೆ. ಅವನು ಹೋದದ್ದು ಕಾಗದ ಕೊಟ್ಟದ್ದಾಯಿತೆಂದು. ಆದರೆ ನಾಯಿಗೆ ಕಾಗದದ ವಿಷಯ ತಿಳಿಯದು. ತನ್ನ ಗಂಟಲಿನ ಪ್ರತಾಪದಿಂದ ಶತ್ರು ಓಡಿದನೆಂದು ಅದರ ಎಣಿಕೆ. ವರ್ಷದಲ್ಲಿ ಎಷ್ಟು ದಿನ ಅಂಚೆಯವರು ಬಂದರೋ ಅಷ್ಟು ಜಯಗಳು. 1948ರಲ್ಲಿ ಸ್ಕಿನ್ನರ್ ಎಂಟು ಪಾರಿವಾಳಗಳಿಗೆ, ಅವು ಏನು ಮಾಡಲಿ ಬಿಡಲಿ, ಗೊತ್ತಾದ ಹೊತ್ತಿಗೊಮ್ಮೆ ಕಾಳು ಬೀಳುವಂತೆ ಮಾಡಿದ್ದನು. ಎಂಟರಲ್ಲಿ ಆರು ಹಕ್ಕಿಗಳು ತಮ್ಮ ಯಾವುದೋ ಚೇಷ್ಟೆಯಿಂದಲೇ ಕಾಳು ಬೀಳುತ್ತಿದೆ ಎಂಬಂತೆ ನಡೆದುಕೊಂಡವು. ಒಂದು ಪ್ರದಕ್ಷಿಣೆ ಹಾಕುತ್ತಿತ್ತು. ಇನ್ನೊಂದು ಮೂಲೆಗೆ ತಲೆ ಚಾಚುತ್ತಿತ್ತು. ಮೂಢನಂಬಿಕೆ ಮನುಷ್ಯನ ಸ್ವತ್ತೇ ಎಂದು ತಿಳಿದಿದ್ದವರಿಗೆ ಅದೊಂದು ಪಾಠ. ನಮ್ಮ ಗೇಟಿನ ಹಿಂದೆ ಬೊಗಳುವ ನಾಯಿಯೂ ಆ ಹಕ್ಕಿಗಳ ಮತಕ್ಕೇ ಸೇರಿದ್ದು.

ನಾಯಿಯ ಕಲಿಕೆ ಕೆಲವೊಮ್ಮೆ ಕಪಟದಂತೆಯೂ ಕಾಣುವುದುಂಟು. ಪ್ರಾಣಿಗಳ ನಡತೆಯ ಅಭ್ಯಾಸಕ್ಕಾಗಿ 1973ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಆಸ್ಟ್ರಿಯದ ಕೊನ್ರಾಡ್ ಲೊರೆಂಟ್ಸ್, ನಾಯಿಗಳನ್ನು ಕುರಿತ ತನ್ನ ಪುಸ್ತಕದಲ್ಲಿ ಸ್ಟಾಸಿ ಎಂಬ ತನ್ನ ಹೆಣ್ಣುನಾಯಿಯ ಕಥೆ ಹೇಳಿದ್ದಾನೆ. ಅವನು ಸೈಕಲ್ಲಿನಲ್ಲಿ ಹೋಗುವಾಗ ಅದು ಜೊತೆಯಲ್ಲಿ ಓಡುತ್ತಿತ್ತು. ಒಮ್ಮೆ ಕಾಲಿನ ನರ ಉಳುಕಿ ಕುಂಟಿದಾಗ ಲೊರೆಂಟ್ಸ್ ಕರುಣೆಯಿಂದ ಸೈಕಲ್ಲನ್ನು ನಿಧಾನ ಮಾಡಿದನು. ಕಾಲು ವಾಸಿಯಾಯಿತು, ಕುಂಟು ಮಾತ್ರ ವಾಸಿಯಾಗಲಿಲ್ಲ. ಅದೂ ಎಲ್ಲ ದಾರಿಯಲ್ಲಿ ಅಲ್ಲ. ಗಂಟೆಗಟ್ಟಲೆ ಸುಮ್ಮನೆ ಕಾದು ಮಲಗಬೇಕಾಗಿದ್ದ ಸೈನಿಕ ಆಸ್ಪತ್ರೆಯ ದಾರಿಯಲ್ಲಿ ಕುಂಟು. ಬಯಲಿನಲ್ಲಿ ಓಡಾಡಲು ಸಿಗುತ್ತಿದ್ದ ಕಡೆಗೆ ಹೊರಟರೆ ನಾಲ್ಕು ಕಾಲೂ ನೆಟ್ಟಗೆ! ಇದನ್ನು ಸುಳ್ಳೆನ್ನಬೇಕೋ ಬೇಡವೋ ಎಂಬುದನ್ನು ಪಂಡಿತರು ಚರ್ಚಿಸಲಿ. ಕುಂಟಿದರೆ ಒಡೆಯ ಮೃದುವಾಗುತ್ತಾನೆಂಬುದನ್ನು ನಾಯಿಗೆ ಕಲಿಸಿದ್ದು ಒಡೆಯನ ಮೃದುತ್ವವೇ ಎಂಬುದರಲ್ಲಿ ಚರ್ಚೆಯಿಲ್ಲ.

ಇನ್ನು ಅಪರಾಧಿಯ ಮುಖದ ವಿಷಯ. ಮನೆಯೊಡತಿ ಹೊರಗಿನಿಂದ ಬರುತ್ತಾಳೆ. ಹೊಸ ಚಪ್ಪಲಿ ಚೂರುಚೂರಾಗಿ ಬಿದ್ದಿದೆ. ನಾಯಿ ಕಿವಿ ಇಳಿಬಿಟ್ಟು, ಬಾಲ ಮುದುರಿ, ಕಣ್ಣು ತಪ್ಪಿಸಿ ಮೂಲೆ ಸೇರಿದೆ. ‘ನೋಡಿ, ಮಾಡಿದ್ದು ತಪ್ಪು ಅಂತ ಅದಕ್ಕೇ ಗೊತ್ತು!’ ಎಂದು ಆಕೆ ಹೇಳುತ್ತಾಳೆ, ನಾವೂ ತಲೆದೂಗುತ್ತೇವೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬಾಕೆ ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿನಾಲ್ಕು ಸಾಕುನಾಯಿಗಳು. ತಿಂಡಿಯೊಂದನ್ನು ತೋರಿಸಿ, ತಿನ್ನಬೇಡವೆಂದು ಹೇಳಿ ಒಡೆಯರು ಹೊರಗೆ ಹೋಗಬೇಕು. ಹಿಂದಿರುಗಿದಾಗ ನಾಯಿ ತಿಂದಿತೆಂದು ಕೆಲವರಿಗೆ ನಿಜವನ್ನೂ, ಕೆಲವರಿಗೆ ಸುಳ್ಳನ್ನೂ ಹೇಳಲಾಯಿತು. ಕಂಡುಬಂದದ್ದೇನೆಂದರೆ, ಅಪರಾಧಿಯ ಮುಖಕ್ಕೂ ಅಪರಾಧಕ್ಕೂ ಸಂಬಂಧವಿರಲಿಲ್ಲ. ಗದರಿಸಿದರೆ ಆ ಮುಖ ಬರುತ್ತಿತ್ತು. ಏನೂ ತಿನ್ನದೆ ಗದರಿಸಿಕೊಂಡ ನಾಯಿಗಳ ಮುಖದಲ್ಲೇ ಅದು ಹೆಚ್ಚಾಗಿ ಕಂಡಿತು. ನಾಯಿ ಓದುತ್ತಿರುವುದು ತನ್ನ ಅಂತರಾತ್ಮವನ್ನಲ್ಲ, ನಮ್ಮ ಹುಬ್ಬನ್ನು. ಹುಬ್ಬು ಗಂಟಿಕ್ಕಿದಾಗ ಹೀಗೆ ಕುಗ್ಗಿ ಕೂತರೆ ಏಟು ಕಡಿಮೆಯಾಗುತ್ತದೆಂಬ ವಿದ್ಯೆಯನ್ನು ಅನೇಕ ಮನೆಗಳಲ್ಲಿ ಅದು ಕಲಿತಿರುತ್ತದೆ.

ಹುಬ್ಬನ್ನು ಓದುವ ಈ ಶಕ್ತಿಯನ್ನು ಅಲ್ಪವೆಂದು ತಿಳಿಯಬಾರದು. ಜರ್ಮನಿಯ ಓಬರ್‌ಕಾಸೆಲ್‌ನಲ್ಲಿ ದೊರೆತ, ಸುಮಾರು 14,000 ವರ್ಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯರಿಬ್ಬರ ಜೊತೆಯಲ್ಲಿ ನಾಯಿಯ ಅವಶೇಷವಿದೆ. ಅಷ್ಟು ಕಾಲದಿಂದ ನಾಯಿ ನಮ್ಮನ್ನು ನೋಡುತ್ತ ಬಂದಿದೆ. ಮುಚ್ಚಿಟ್ಟ ಆಹಾರವನ್ನು ನಮ್ಮ ಬೆರಳು, ನಮ್ಮ ನೋಟ ತೋರಿದ ದಿಕ್ಕಿನಲ್ಲಿ ಹುಡುಕುವುದರಲ್ಲಿ ನಾಯಿ ಚಿಂಪಾಂಜಿಗಿಂತಲೂ ತೋಳಕ್ಕಿಂತಲೂ ಮುಂದಿದೆ ಎಂದು 2002ರಲ್ಲಿ ಪ್ರಕಟವಾದ ಬ್ರಯನ್ ಹೇರ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ನಮಗೇ ಅರಿಯದ ನಮ್ಮ ಮೈಯ ಸನ್ನೆಗಳನ್ನು ಪ್ರಾಣಿ ಹೇಗೆ ಹಿಡಿಯುತ್ತದೆಂಬುದಕ್ಕೆ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯ ಕಥೆ ಪ್ರಸಿದ್ಧ. ಗೊರಸು ಕುಟ್ಟಿ ಲೆಕ್ಕದ ಉತ್ತರ ಹೇಳುತ್ತಿದ್ದ ಆ ಕುದುರೆಗೆ ಲೆಕ್ಕವೇ ಬಾರದೆಂದೂ, ಸರಿಯಾದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವನ ತಲೆ ಕೂದಲೆಳೆಯಷ್ಟು ಅಲುಗುವುದನ್ನು ಕಂಡು ಅದು ನಿಲ್ಲಿಸುತ್ತಿತ್ತೆಂದೂ 1907ರಲ್ಲಿ ಆಸ್ಕರ್ ಫುಂಗ್ಸ್ಟ್ ತೋರಿಸಿಕೊಟ್ಟನು. ಕುದುರೆಯ ಒಡೆಯ ಮೋಸಗಾರನಲ್ಲ. ತಾನು ಸನ್ನೆ ಮಾಡುತ್ತಿದ್ದೇನೆಂಬುದು ಅವನಿಗೇ ತಿಳಿದಿರಲಿಲ್ಲ.

ಕೂದಲೆಳೆಯಷ್ಟು ಅಲುಗಿದ ತಲೆಯನ್ನು ಕುದುರೆ ಕಾಣಬಲ್ಲುದಾದರೆ, ಗೇಟಿನ ಬಳಿ ನಿಂತ ನಮ್ಮ ಮೈ ಬಿಗಿದದ್ದನ್ನು ನಾಯಿ ಕಾಣದೇ? ನಮ್ಮ ಬಡಾವಣೆಯ ಬೀದಿ ಗುಡಿಸುವ ಹೆಂಗಸೊಬ್ಬಳು ಒಂದು ಬೆಳಿಗ್ಗೆ ನನಗೆ ಹೇಳಿದ ಮಾತನ್ನು ನಾನು ಮರೆಯಲಾರೆ. ‘ಆ ಮೂಲೆ ಮನೆ ನಾಯಿಗೆ ಯಾರು ಹೇಳ್ಕೊಟ್ರೋ ಸ್ವಾಮಿ. ಕಾರಲ್ ಬಂದೋರ್ನ ಕಂಡ್ರೆ ಬಾಲ ಆಡಿಸ್ತದೆ. ನಾವು ಗೇಟ್ ಹತ್ರ ಹೋದ್ರೆ ಮೈಮೇಲ್ ಬತ್ತದೆ. ಏಳ್ ವರ್ಷದಿಂದ ನನ್ ಮುಖ ನೋಡ್ತಾ ಅದೆ ಅದು.’

ಪೊರಕೆ, ಗಾಡಿಯ ಸದ್ದು, ಚೀಲ ಇವುಗಳಿಗೆ ನಾಯಿ ಬೆದರುವುದುಂಟು. ಅದನ್ನು ನಾನು ಒಪ್ಪುತ್ತೇನೆ. ಆದರೆ ಏಳು ವರ್ಷ ಕಂಡ ಮುಖಕ್ಕೆ? ನಾಯಿಗೆ ಜಾತಿ ತಿಳಿಯದು, ಸಂಬಳ ತಿಳಿಯದು, ಬಟ್ಟೆಯ ಬೆಲೆ ತಿಳಿಯದು. ಯಾರು ಬಂದಾಗ ಒಡೆಯನ ದನಿ ಮೃದುವಾಗುತ್ತದೆ, ಯಾರು ಬಂದಾಗ ಗೇಟು ಅರ್ಧ ಮಾತ್ರ ತೆರೆಯುತ್ತದೆ, ಯಾರಿಗೆ ಕುರ್ಚಿ, ಯಾರಿಗೆ ಮೆಟ್ಟಿಲು ಎಂಬುದು ಮಾತ್ರ ಅದಕ್ಕೆ ತಿಳಿಯುತ್ತದೆ. ಆ ಮನೆಯವರು ಸಭ್ಯರು; ಯಾರನ್ನೂ ನಿಂದಿಸಿದವರಲ್ಲ. ಅವರು ಬಾಯಿಬಿಟ್ಟು ಹೇಳದ್ದನ್ನು ಅವರ ನಾಯಿ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದೆ.

ಇಲ್ಲಿಯವರೆಗಿನ ಚಾಳಿಗಳಿಂದ ಆದ ಕೇಡು ಒಂದು ದೋಸೆಯದೋ ಒಂದು ಜೋಡಿ ಚಪ್ಪಲಿಯದೋ, ಹೆಚ್ಚೆಂದರೆ ಒಬ್ಬರ ಮನಸ್ಸಿನ ನೋವು. ಇದಕ್ಕಿಂತ ಘೋರವಾದುದೊಂದನ್ನು ಹೇಳದೆ ಈ ವಿಷಯವನ್ನು ಮುಗಿಸುವಂತಿಲ್ಲ. ನಾನು ಹಿಂದೆ ಬಾಡಿಗೆಗಿದ್ದ ವಠಾರದಲ್ಲಿ ಒಂದು ಸಂಸಾರ ಮೋತಿ ಎಂಬ ನಾಯಿಯನ್ನು ಸಾಕಿತ್ತು. ಮನೆಯಲ್ಲಿ ಐದು ವರ್ಷದ ಹುಡುಗ. ಮಕ್ಕಳಲ್ಲವೇ, ಕಿವಿ ಎಳೆಯುವುದು, ಬಾಲ ಹಿಡಿಯುವುದು, ಉಣ್ಣುತ್ತಿರುವಾಗ ಬೆನ್ನೇರುವುದು. ಮೋತಿ ಗುರುಗುಟ್ಟುತ್ತಿತ್ತು. ಗುರುಗುಟ್ಟಿದಾಗಲೆಲ್ಲ ಯಜಮಾನರು ಅದಕ್ಕೆ ಚಪ್ಪಲಿಯಿಂದ ಹೊಡೆಯುತ್ತಿದ್ದರು. ಮಗುವಿನ ಮೇಲಿನ ಪ್ರೀತಿಯಿಂದ ಹೊಡೆದ ಏಟು ಅದು. ಅವರನ್ನು ಕ್ರೂರಿಗಳೆನ್ನಲು ನನಗೆ ಮನಸ್ಸು ಬಾರದು. ಎರಡು ಮೂರು ತಿಂಗಳಲ್ಲಿ ಮೋತಿ ಗುರುಗುಟ್ಟುವುದನ್ನು ಬಿಟ್ಟಿತು. ‘ಈಗ ಎಷ್ಟು ಸಾಧು ಆಗಿದೆ ನೋಡಿ’ ಎಂದು ಅವರು ವಠಾರದವರಿಗೆಲ್ಲ ಹೇಳಿದರು.

ಗುರುಗುಟ್ಟುವುದು ನಾಯಿಯ ದುರ್ಗುಣವಲ್ಲ, ಅದರ ಸೌಜನ್ಯ. ‘ನನಗೆ ಇದು ಆಗದು, ದೂರ ಸರಿ’ ಎಂದು ಹೇಳಲು ಅದಕ್ಕಿರುವ ಮಾತು ಅದೊಂದೇ. ಆ ಮಾತನ್ನು ಅಳಿಸಿದರೆ ಮಾತು ಹೋಯಿತು; ಭಯ ಹೋಗಲಿಲ್ಲ. ಆದ್ದರಿಂದಲೇ ಗುರುಗುಟ್ಟುವ ನಾಯಿಯನ್ನು ಶಿಕ್ಷಿಸಬೇಡಿ, ಗುರುಗುಟ್ಟಿಸಿದ ಕಾರಣವನ್ನು ಹುಡುಕಿ ಎಂದು ಪಶುವೈದ್ಯರೂ ನಾಯಿಯ ನಡತೆಯನ್ನು ಬಲ್ಲವರೂ ಹೇಳುವುದು. ಮೋತಿ ಕಲಿತ ಪಾಠ ಹುಡುಗನನ್ನು ಸಹಿಸುವುದಲ್ಲ, ಸುಮ್ಮನಿರುವುದು. ಒಂದು ಭಾನುವಾರ ಅದು ಮೂಳೆ ಕಡಿಯುತ್ತಿದ್ದಾಗ ಹುಡುಗ ಬಂದು ಮೇಲೆ ಬಿದ್ದ. ಯಾವ ಮುನ್ಸೂಚನೆಯೂ ಇಲ್ಲದೆ ಮೋತಿ ಅವನ ಕೈಯನ್ನು ಕಚ್ಚಿತು. ಆಸ್ಪತ್ರೆ, ಹೊಲಿಗೆ, ಚುಚ್ಚುಮದ್ದು ಎಲ್ಲವೂ ಆದವು. ‘ಇಷ್ಟು ದಿನ ಸಾಧುವಾಗಿದ್ದ ನಾಯಿಗೆ ಇದ್ದಕ್ಕಿದ್ದಂತೆ ಏನು ಬಂತೋ’ ಎಂದು ಎಲ್ಲರೂ ಬೆರಗಾದರು. ಅಂದು ರಾತ್ರಿಯೇ ಅದನ್ನು ಗೋಣಿಚೀಲದಲ್ಲಿ ಹಾಕಿ, ಗಾಡಿಯಲ್ಲಿಟ್ಟು, ಊರಾಚೆ ಹೆದ್ದಾರಿಯ ಬದಿಯಲ್ಲಿ ಬಿಟ್ಟು ಬಂದರಂತೆ. ನಾನು ಆಗ ಊರಿನಲ್ಲಿರಲಿಲ್ಲ. ನಾಲ್ಕು ದಿನದ ಮೇಲೆ ಹಿಂದಿರುಗಿದಾಗ ಅದರ ಕೊರಳಪಟ್ಟಿ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಹುಡುಗ ಅದನ್ನು ತೋರಿಸಿ, ‘ಮೋತಿ ಯಾವಾಗ ಬರತ್ತೆ ಮಾಮ?’ ಎಂದು ಕೇಳಿದ.

ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಸಾಕುಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಆದರೆ ಹೆದ್ದಾರಿಯ ಕತ್ತಲಲ್ಲಿ ಕಾಯಿದೆಯನ್ನು ಓದುವವರು ಯಾರು? ಹೀಗೆ ಬೀದಿಗೆ ಬಿದ್ದ ನಾಯಿಗಳಲ್ಲಿ ಎಷ್ಟೋ ನಾಯಿಗಳು ಮನೆಯಲ್ಲಿ ಕಲಿತ ಪಾಠಕ್ಕೆ ಮನೆಯವರಿಂದಲೇ ಶಿಕ್ಷೆ ಪಡೆದವು. ಮರಿಯಾಗಿದ್ದಾಗ ಮೈಮೇಲೆ ಹಾರಿದರೆ ಎಲ್ಲರೂ ಎತ್ತಿ ಮುದ್ದಿಸುತ್ತಾರೆ. ಹದಿನೈದು ಕಿಲೋ ಬೆಳೆದ ಮೇಲೆ ಅದೇ ನೆಗೆತಕ್ಕೆ ಕೋಲು. ನಾಯಿಯ ದೃಷ್ಟಿಯಲ್ಲಿ ತಾನು ಬದಲಾಗಿಲ್ಲ. ಮನೆಯ ನ್ಯಾಯ ಬದಲಾಯಿತು.

ಹಾಗಾದರೆ ಚಾಳಿ ಬಿಡಿಸುವ ಬಗೆ ಇಲ್ಲವೇ? ಇದೆ, ಮತ್ತು ಅದು ಕಷ್ಟದ್ದೇನಲ್ಲ. ನಾಯಿ ಏನು ಮಾಡಿತೆಂದು ನೋಡುವುದಕ್ಕೆ ಮೊದಲು, ಅದು ಮಾಡಿದ ಮರುಗಳಿಗೆಯಲ್ಲಿ ನಾವು ಏನು ಮಾಡಿದೆವೆಂದು ನೋಡಬೇಕು. ಬೊಗಳಿದಾಗ ನಾವು ತಿರುಗಿ ಕೂಗಿದರೆ, ತನ್ನೊಡನೆ ದನಿಗೂಡಿಸುತ್ತಿದ್ದಾರೆಂದು ಅದು ತಿಳಿದರೂ ತಿಳಿಯಬಹುದು. ಮೈಮೇಲೆ ಹಾರಿದಾಗ ತಳ್ಳಿದರೆ ಅದಕ್ಕೆ ಆಟವಾದರೂ ಆಯಿತು. ಬೆನ್ನು ತಿರುಗಿಸಿ ನಿಂತು, ನಾಲ್ಕು ಕಾಲೂ ನೆಲದ ಮೇಲಿದ್ದಾಗ ಮಾತನಾಡಿಸಿದರೆ ಬೇರೊಂದು ಪಾಠವಾಗುತ್ತದೆ. ಮನೆಯಲ್ಲಿ ಎಲ್ಲರದೂ ಒಂದೇ ನಿಯಮವಾಗಿರಬೇಕು. ಒಬ್ಬರ ಕರುಣೆ ಇನ್ನೊಬ್ಬರ ಶಿಸ್ತನ್ನು ನೀರುಪಾಲು ಮಾಡುತ್ತದೆ. ಇನ್ನೊಂದು ಮಾತು: ಸಿಗುತ್ತಿದ್ದ ಫಲ ನಿಂತ ಮೊದಲ ಕೆಲವು ದಿನ ಚಾಳಿ ಕಡಿಮೆಯಾಗುವುದರ ಬದಲು ಹೆಚ್ಚುತ್ತದೆ. ಕುಯ್‌ಗುಟ್ಟುವ ನಾಯಿ ಆಗ ಊಳಿಡತೊಡಗುತ್ತದೆ. ಆ ಹೊತ್ತಿನಲ್ಲಿ ಬೇಸತ್ತು ಒಂದು ಚೂರು ಎಸೆದರೆ, ಊಳಿಟ್ಟರೆ ಮಾತ್ರ ಸಿಗುತ್ತದೆಂಬ ಹೊಸ ಪಾಠ ಕಲಿಸಿದಂತಾಯಿತು. ಅಲ್ಲಿ ಬೇಕಾದದ್ದು ಕೋಲಲ್ಲ, ತಾಳ್ಮೆ.

ಅಕ್ಕನ ಮನೆಯಲ್ಲಿ ಕಳೆದ ವರ್ಷ ಒಂದು ರಾಜಿಯಾಯಿತು. ಅತ್ತೆಯವರ ದೋಸೆಯ ಅಂಚು ಈಗ ಹೊಸ್ತಿಲ ಕಡೆ ಜಾರುವುದಿಲ್ಲ. ಎಲ್ಲರ ಊಟ ಮುಗಿದ ಮೇಲೆ, ಹಿತ್ತಿಲ ಕಟ್ಟೆಯ ಬಳಿ, ಟೈಗರ್ ಸುಮ್ಮನೆ ಕುಳಿತಿದ್ದರೆ ಅವರ ಕೈಯಿಂದಲೇ ಅದಕ್ಕೆ ಸಿಗುತ್ತದೆ. ಮೊದಲ ವಾರ ಅದು ಹೊಸ್ತಿಲಲ್ಲಿ ಊರು ಎಬ್ಬಿಸಿತಂತೆ. ಎರಡು ತಿಂಗಳಾದ ಮೇಲೆ, ಅತ್ತೆಯವರು ಕೈ ತೊಳೆಯುವ ಸದ್ದಾದರೆ ಸಾಕು, ತಾನಾಗಿ ಹಿತ್ತಿಲಿಗೆ ಹೋಗಿ ಕಟ್ಟೆಯ ಬಳಿ ಕೂರುತ್ತದೆ. ಕೈ ತೊಳೆಯುವ ಸದ್ದನ್ನು ಗುರುತಿಸೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಓದುಗರಲ್ಲಿ ನಾಯಿ ಸಾಕಿದವರಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಒಂದು ದಿನ, ಬೆಳಗಿನಿಂದ ರಾತ್ರಿಯವರೆಗೆ, ನಿಮ್ಮ ನಾಯಿಗೆ ಏನನ್ನೂ ಕಲಿಸಲು ಹೋಗದೆ ಅದನ್ನು ಸುಮ್ಮನೆ ಗಮನಿಸಿ. ಯಾವ ಸದ್ದಿಗೆ ಅದು ಏಳುತ್ತದೆ, ಯಾರನ್ನು ಕಂಡು ಮುದುಡುತ್ತದೆ, ಗೇಟಿನ ಬಳಿ ಬಂದ ಯಾರಿಗೆ ಬಾಲ ಆಡಿಸುತ್ತದೆ, ಯಾರ ಮೇಲೆ ಹಾಯುತ್ತದೆ ಎಂಬುದನ್ನು ಬೇಕಾದರೆ ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ರಾತ್ರಿ ಮಲಗುವ ಮುನ್ನ ಅದನ್ನು ಓದಿದರೆ ನಾಯಿಯ ವಿಷಯ ಕೊಂಚ ತಿಳಿದೀತು. ಮನೆಯವರ ವಿಷಯ ಬಹಳ ತಿಳಿದೀತು.